ಬಟ್ಟೆಯ ಸೂರು, ಶಾಲೆಯ ಲೆಕ್ಕ

ಶಾಲಾ ವಾರ್ಷಿಕೋತ್ಸವದ ಶಾಮಿಯಾನದ ಮೇಲೆ ಅಕಾಲದ ಮಳೆ ಸುರಿದದ್ದನ್ನು ಕಂಡವರಿಗೆ ಈ ಲೇಖನದ ಅರ್ಧ ವಿಜ್ಞಾನ ಆಗಲೇ ಗೊತ್ತಿದೆ. ಮೊದಲು ಬಟ್ಟೆಯ ನಡುವೆ ಒಂದು ಸಣ್ಣ ತಗ್ಗು. ತಗ್ಗಿಗೆ ನೀರು. ನೀರಿನ ಭಾರಕ್ಕೆ ತಗ್ಗು ಇನ್ನಷ್ಟು ಆಳ, ಆಳವಾದಷ್ಟೂ ಇನ್ನಷ್ಟು ನೀರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದ ಬಟ್ಟೆಯನ್ನು ಪಿ.ಟಿ. ಮೇಷ್ಟ್ರು ಬಿದಿರ ಗಳುವಿನಿಂದ ಎತ್ತಿ ತಳ್ಳುತ್ತಾರೆ. ಅಷ್ಟೂ ನೀರು ಕೊನೆಯ ಸಾಲಿನ ಪೋಷಕರ ನೆತ್ತಿಯ ಮೇಲೆ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಗೇಣಿಗೂ ಕಡಿಮೆ, ಅಂದರೆ 10 ಸೆಂಟಿಮೀಟರ್ ನೀರು ನಿಂತರೂ ಅದರ ತೂಕ 100 ಕೆ.ಜಿ. ಆ ಬಟ್ಟೆಯ ತೂಕವೋ ಕಾಲು ಕೆ.ಜಿ. ಕೂಡ ಇರಲಾರದು. ಹೀಗಿರುವಾಗ ಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಯಾರಾದರೂ ಎದ್ದು ನಿಂತು, ‘ನಮಗೆ ಬೇಕಾದ ಒಳಾಂಗಣ ಆಟದ ಅಂಗಳವನ್ನು ಬಟ್ಟೆಯಲ್ಲೇ ಕಟ್ಟಬಹುದಂತೆ, ಕಾಂಕ್ರೀಟಿಗಿಂತ ಅಗ್ಗವಂತೆ’ ಎಂದರೆ ಉಳಿದವರು ನಗುವುದು ಸಹಜ. ನಗುವ ಮುಂಚೆ ಒಂದು ಸಂಗತಿ ಕೇಳಬೇಕು. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಹಜ್ ಟರ್ಮಿನಲ್ ಎಂಬ ಬಿಳಿ ಗುಡಾರಗಳ ವಿಮಾನ ನಿಲ್ದಾಣ 1981ರಲ್ಲಿ ತಲೆ ಎತ್ತಿತು. 210 ಗುಡಾರಗಳು, ಮರುಭೂಮಿಯ ಬಿಸಿಲು. ಅಲ್ಲಿ ಹೊದಿಸಿದ ಬಟ್ಟೆಯ ಮೂಲ ಹುಡುಕುತ್ತ ಹೋದರೆ ಸಿಗುವುದು ದುಡ್ಡಿಲ್ಲದ ಶಾಲೆಗಳ ಚಿಂತೆ.

ಶಾಲೆಗಾಗಿ ಹುಟ್ಟಿದ ಬಟ್ಟೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಅಲ್ಲಿನ ಶಾಲೆಗಳ ಗೋಡೆ ಒಡೆಯುವಷ್ಟಿತ್ತು. ಕಟ್ಟಿದಷ್ಟೂ ಸಾಲದು. ಕಡಿಮೆ ಖರ್ಚಿನಲ್ಲಿ ಶಾಲೆ ಕಟ್ಟುವ ಹೊಸ ದಾರಿಗಳನ್ನು ಹುಡುಕಲೆಂದೇ 1958ರಲ್ಲಿ ಫೋರ್ಡ್ ಫೌಂಡೇಶನ್ನಿನ ಹಣದಿಂದ ‘ಎಜುಕೇಷನಲ್ ಫೆಸಿಲಿಟೀಸ್ ಲ್ಯಾಬೊರೇಟರೀಸ್’ ಎಂಬ ಸಂಸ್ಥೆ ಶುರುವಾಯಿತು. ಹೆಸರಿನಲ್ಲಿ ಪ್ರಯೋಗಾಲಯ ಇದ್ದರೂ ಅಲ್ಲಿ ಬಿಳಿ ಕೋಟು, ಗಾಜಿನ ನಳಿಕೆ ಇರಲಿಲ್ಲ. ಶಾಲೆಗಳು ಮಾಡಲು ಹೆದರುವ ಪ್ರಯೋಗಗಳಿಗೆ ದುಡ್ಡು ಕೊಟ್ಟು, ಫಲಿತಾಂಶವನ್ನು ಪುಸ್ತಿಕೆಗಳಾಗಿ ಹಂಚುವುದು ಅದರ ಕೆಲಸ.

ಅವರ ಕಣ್ಣಿಗೆ ಬಿದ್ದ ವಸ್ತುಗಳಲ್ಲಿ ಬಟ್ಟೆಯೂ ಒಂದು. ವಾಲ್ಟರ್ ಬರ್ಡ್ ಎಂಬ ಎಂಜಿನಿಯರು 1940ರ ದಶಕದ ಕೊನೆಯಲ್ಲಿ ಸೇನೆಯ ರಾಡಾರುಗಳನ್ನು ಮಳೆ ಹಿಮದಿಂದ ಕಾಯಲು ಗಾಳಿ ತುಂಬಿದ ಬಟ್ಟೆಯ ಗುಮ್ಮಟ ಕಟ್ಟಿ ತೋರಿಸಿದ್ದ. 1970ರ ಒಸಾಕಾ ಜಾಗತಿಕ ಮೇಳದಲ್ಲಿ ಅಮೆರಿಕದ ಮಂಟಪಕ್ಕೆ ಡೇವಿಡ್ ಗೈಗರ್ ಎಂಬ ಇನ್ನೊಬ್ಬ ಎಂಜಿನಿಯರು ಗಾಳಿಯೊತ್ತಡದ ಮೇಲೆ ನಿಲ್ಲುವ ವಿಶಾಲ ಮಾಡು ಹಾಕಿದ. ಅಂದರೆ ಬಟ್ಟೆಯಿಂದ ದೊಡ್ಡ ಜಾಗ ಮುಚ್ಚುವ ವಿದ್ಯೆ ಕೈಗೆ ಬಂದಿತ್ತು. ಬರದೇ ಇದ್ದದ್ದು ಬಾಳಿಕೆ. ಆಗಿನ ವಿನೈಲ್ ಲೇಪದ ಬಟ್ಟೆಗಳು ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸವೆಯುತ್ತಿದ್ದವು. ಮೇಲಾಗಿ ಬೆಂಕಿಯ ಭಯ. ಅಂಥ ವಸ್ತುವನ್ನು ಶಾಶ್ವತ ಕಟ್ಟಡಕ್ಕೆ ಬಳಸಲು ಯಾವ ನಗರಾಡಳಿತ ಒಪ್ಪೀತು?

ಶಾಲೆಗಳ ಈ ಸಂಸ್ಥೆಯ ಒತ್ತಾಸೆಯಲ್ಲಿ ಗೈಗರ್ ಜೊತೆಗೆ ಡ್ಯುಪಾಂಟ್, ಓವೆನ್ಸ್-ಕಾರ್ನಿಂಗ್ ಮುಂತಾದ ಕಂಪನಿಗಳು ಕೂಡಿ ಕಂಡುಕೊಂಡ ಉತ್ತರ ಸರಳವಾಗಿತ್ತು: ಗಾಜಿನ ಎಳೆಯನ್ನು ನೇಯ್ದು, ಅದಕ್ಕೆ ಟೆಫ್ಲಾನ್ ಲೇಪಿಸುವುದು. ದೋಸೆ ಕಾವಲಿಗೆ ಅಂಟದಂತೆ ಹಚ್ಚುವ ಅದೇ ಟೆಫ್ಲಾನ್. ಗಾಜು ಉರಿಯುವುದಿಲ್ಲ, ಟೆಫ್ಲಾನಿಗೆ ಕೊಳೆ ಅಂಟುವುದಿಲ್ಲ, ಎರಡಕ್ಕೂ ಬಿಸಿಲಿನ ಅಂಜಿಕೆಯಿಲ್ಲ. ಕಾರ್ಖಾನೆಯಿಂದ ಬರುವಾಗ ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿರುವ ಈ ಬಟ್ಟೆ, ಕೆಲವು ತಿಂಗಳು ಬಿಸಿಲು ಕುಡಿದ ಮೇಲೆ ತಾನೇ ಬೆಳ್ಳಗಾಗುತ್ತದೆ. ಬಿಸಿಲಿಗೆ ಬಣ್ಣಗೆಡುವ ಬದಲು ಚಂದವಾಗುವ ವಸ್ತು ಅಪರೂಪವೇ.

ಇದನ್ನು ಮೊದಲು ಮೈಮೇಲೆ ಹಾಕಿಕೊಂಡದ್ದು ಕ್ಯಾಲಿಫೋರ್ನಿಯಾದ ಲಾ ವರ್ನ್ ಎಂಬ ಸಣ್ಣ ಊರಿನ ಒಂದು ಕಾಲೇಜು. 1973ರಲ್ಲಿ ಅಲ್ಲಿ ಎದ್ದ ಶಂಕುವಿನಾಕಾರದ ಬಿಳಿ ಗುಡಾರಗಳಿಗೆ ‘ಸೂಪರ್ ಟೆಂಟ್’ ಎಂಬ ಹೆಸರು ಬಿತ್ತು. ದೊಡ್ಡದರಲ್ಲಿ ಕ್ರೀಡಾಂಗಣ, ಚಿಕ್ಕದರಲ್ಲಿ ನಾಟಕಶಾಲೆ. ಅರ್ಧ ಶತಮಾನ ಕಳೆದರೂ ಅವು ನಿಂತಿವೆ. ಅದೇ ಹೊತ್ತಿನಲ್ಲಿ ಮೇರಿಲ್ಯಾಂಡಿನಲ್ಲಿ ಮತ್ತೊಂದು ಕಾಲೇಜು ಒಂದು ಎಕರೆ ಅಗಲದ ವಿನೈಲ್ ಗುಳ್ಳೆಯೊಳಗೆ ಇಡೀ ಕ್ಯಾಂಪಸ್ಸನ್ನೇ ಕೂರಿಸಲು ಹೋಯಿತು. ಅದು ಬಹುಕಾಲ ಬಾಳಲಿಲ್ಲ. ಎರಡೂ ಬಟ್ಟೆಯೇ, ಎರಡೂ ವಿದ್ಯಾಲಯವೇ. ಒಂದರೊಳಗೆ ಇಟ್ಟದ್ದು ಆಟ ಮತ್ತು ನಾಟಕ, ಇನ್ನೊಂದರೊಳಗೆ ಎಲ್ಲವೂ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಅಗ್ಗವಾಗುವುದು ಬಟ್ಟೆಯಲ್ಲ, ದೂರ

‘ಬಟ್ಟೆ ತಾನೆ, ಎಷ್ಟು ಮಹಾ ಬೆಲೆ’ ಎಂಬ ಊಹೆಯಿಂದ ಲೆಕ್ಕ ಶುರು ಮಾಡಿದವರು ಖಂಡಿತ ಎಡವುತ್ತಾರೆ. ಕಟ್ಟಡಕ್ಕೆ ಬಳಸುವ ಬಟ್ಟೆ ಅಗ್ಗದ್ದಲ್ಲ. ಅದನ್ನು ಕತ್ತರಿಸಿ ಬೆಸೆಯುವ ಕೂಲಿ ಇನ್ನೂ ಅಗ್ಗವಲ್ಲ. ಉಳಿತಾಯ ಇರುವುದು ಬೇರೆ ಕಡೆ.

ಆರು ಮೀಟರ್ ಅಗಲದ ತರಗತಿ ಕೋಣೆಗೆ ತಾರಸಿ ಹಾಕುವುದು ಯಾವ ಊರ ಮೇಸ್ತ್ರಿಗೂ ನೀರು ಕುಡಿದಷ್ಟು ಸುಲಭ. ಆದರೆ ಬ್ಯಾಸ್ಕೆಟ್‌ಬಾಲ್ ಅಂಗಳದ ಉದ್ದ 28 ಮೀಟರ್, ಅಗಲ 15. ಸುತ್ತ ಓಡಾಡಲು, ಕೂರಲು ಜಾಗ ಬಿಟ್ಟರೆ ನಡುವೆ ಒಂದೂ ಕಂಬವಿಲ್ಲದೆ 20 ಮೀಟರ್ ದಾಟಬೇಕು. ತೊಲೆಯೊಂದನ್ನು ಬಗ್ಗಿಸುವ ಬಲ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೂರ ಎರಡು ಪಟ್ಟಾದರೆ ಬಾಗುಬಲ ನಾಲ್ಕು ಪಟ್ಟು. ಆರರಿಂದ ಇಪ್ಪತ್ತು ಮೀಟರಿಗೆ ಹೋದರೆ ಹನ್ನೊಂದು ಪಟ್ಟು. ಅಷ್ಟನ್ನು ತಡೆಯಲು ತೊಲೆ ದಪ್ಪವಾಗಬೇಕು, ದಪ್ಪವಾದ ತೊಲೆಯ ತೂಕವನ್ನು ಹೊರಲು ಮತ್ತಷ್ಟು ದಪ್ಪವಾಗಬೇಕು. ಕೊನೆಗೆ ಕಾಂಕ್ರೀಟು ಹೊರುವುದು ಬಹುಪಾಲು ತನ್ನನ್ನೇ.

ಸಂಖ್ಯೆಯಲ್ಲಿ ನೋಡೋಣ. 30 ಮೀಟರ್ ಉದ್ದ, 20 ಮೀಟರ್ ಅಗಲ, ಒಟ್ಟು 600 ಚದರ ಮೀಟರ್ ಜಾಗ. ಆರಿಂಚು, ಅಂದರೆ 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆ ಚದರ ಮೀಟರಿಗೆ 375 ಕೆ.ಜಿ. ತೂಗುತ್ತದೆ. ತೊಲೆಗಳನ್ನು ಬಿಟ್ಟೇ ಇಡೀ ಮಾಡಿನ ತೂಕ 225 ಟನ್. ಕಟ್ಟಡಕ್ಕೆ ಬಳಸುವ ಲೇಪಿತ ಬಟ್ಟೆ ಚದರ ಮೀಟರಿಗೆ ಸುಮಾರು ಒಂದು ಕೆ.ಜಿ. ಇಡೀ ಮಾಡಿಗೆ ಸುಮಾರು 600 ಕೆ.ಜಿ. ಒಂದು ಜೋಡಿ ಎತ್ತಿನ ತೂಕಕ್ಕೂ ಕಡಿಮೆಯೇ ಆಯಿತು.

ಉಳಿತಾಯದ ಗುಟ್ಟು ಇಲ್ಲಿದೆ: ಮಾಡು ಹಗುರವಾದರೆ ಅದನ್ನು ಹೊರುವ ಉಕ್ಕು ತೆಳುವಾಗುತ್ತದೆ, ಕಂಬಗಳು ಕಡಿಮೆಯಾಗುತ್ತವೆ, ಸೆಂಟ್ರಿಂಗ್ ಬೇಡ, ಕ್ಯೂರಿಂಗ್ ಬೇಡ. ಉಕ್ಕಿನ ಚೌಕಟ್ಟು ಮತ್ತು ಬಟ್ಟೆ ಎರಡೂ ಬೇರೆಲ್ಲೋ ತಯಾರಾಗುವ ಹೊತ್ತಿಗೆ ಇಲ್ಲಿ ಪಾಯ ಮುಗಿದಿರುತ್ತದೆ. ಬೇಸಿಗೆ ರಜೆಯಲ್ಲಿ ಶುರುಮಾಡಿ ಶಾಲೆ ತೆರೆಯುವುದರೊಳಗೆ ಮುಗಿಸಬಹುದಾದ ಕೆಲಸ ಇದು. ಮಕ್ಕಳ ನಡುವೆ ಜಲ್ಲಿ ಲಾರಿ ಓಡಾಡದಿರುವುದೂ ಒಂದು ಉಳಿತಾಯವೇ, ಯಾರೂ ಅದಕ್ಕೆ ಬಿಲ್ಲು ಬರೆಯುವುದಿಲ್ಲ ಅಷ್ಟೇ.

ಇದರ ಮತ್ತೊಂದು ಮುಖವನ್ನು ಮಾರಾಟಗಾರರು ಹೇಳುವುದಿಲ್ಲ. ದೂರ ಕಡಿಮೆಯಾದಾಗ ಬಟ್ಟೆಯ ಲಾಭವೂ ಕರಗುತ್ತದೆ. ನಮ್ಮಲ್ಲಿ ಬಟ್ಟೆಗೆ ನಿಜವಾದ ಪೈಪೋಟಿ ಕಾಂಕ್ರೀಟಿನದಲ್ಲ, ಕೊಳವೆ ಟ್ರಸ್ಸಿನ ಮೇಲೆ ಹೊದಿಸುವ ಬಣ್ಣದ ತಗಡಿನದು. ಹತ್ತು ಹನ್ನೆರಡು ಮೀಟರಿನ ಬಿಸಿಯೂಟದ ಚಪ್ಪರಕ್ಕೆ ತಗಡೇ ಸಾಕು. ಊರಿನ ವೆಲ್ಡಿಂಗ್ ಅಂಗಡಿಯವನೇ ಹಾಕಿಕೊಡುತ್ತಾನೆ, ಕೆಟ್ಟರೆ ಅವನೇ ಸರಿಮಾಡುತ್ತಾನೆ. ಅಂಥ ಕಡೆ ಬಟ್ಟೆ ಹಾಕುವುದು ಶೋಕಿ.

ಕುದುರೆಯ ಜೀನು, ಮೂಗುತಿಯ ಭಾರ

ಶಾಮಿಯಾನಕ್ಕೂ ಬಟ್ಟೆ ಕಟ್ಟಡಕ್ಕೂ ಇರುವ ವ್ಯತ್ಯಾಸ ಬಟ್ಟೆಯ ದಪ್ಪದಲ್ಲಿಲ್ಲ, ಆಕಾರದಲ್ಲಿದೆ. ಚಪ್ಪಟೆ ಬಟ್ಟೆಯನ್ನು ಎಷ್ಟು ಎಳೆದು ಕಟ್ಟಿದರೂ ನಡುವೆ ಒತ್ತಿದರೆ ತಗ್ಗುತ್ತದೆ. ಈಗ ಕುದುರೆಯ ಜೀನನ್ನು ನೆನೆಯಿರಿ. ಮುಂದಿನಿಂದ ಹಿಂದಕ್ಕೆ ನೋಡಿದರೆ ಅದು ಬಟ್ಟಲಿನಂತೆ ತಗ್ಗಾಗಿದೆ, ಎಡದಿಂದ ಬಲಕ್ಕೆ ನೋಡಿದರೆ ಗುಡ್ಡದಂತೆ ಉಬ್ಬಿದೆ. ಬಟ್ಟೆಯನ್ನು ಹಾಗೆ ಎಳೆದು ಕಟ್ಟಿದಾಗ ಒಂದು ದಿಕ್ಕಿನ ಎಳೆಗಳು ಇನ್ನೊಂದು ದಿಕ್ಕಿನವನ್ನು ಸದಾ ಜಗ್ಗುತ್ತಿರುತ್ತವೆ. ಮಳೆಯೋ ಹಿಮವೋ ಮೇಲಿಂದ ಒತ್ತಿದರೆ ತಗ್ಗಿದ ಎಳೆಗಳು ತಡೆಯುತ್ತವೆ. ಗಾಳಿ ಕೆಳಗಿನಿಂದ ಎತ್ತಿದರೆ ಉಬ್ಬಿದ ಎಳೆಗಳು ಹಿಡಿದುಕೊಳ್ಳುತ್ತವೆ. ನೀರು ನಿಲ್ಲಲು ತಗ್ಗೇ ಇರುವುದಿಲ್ಲ.

ನೇಕಾರರಿಗೆ ಗೊತ್ತಿರುವ ಒಂದು ಸೂಕ್ಷ್ಮ ಇಲ್ಲೂ ಕೆಲಸ ಮಾಡುತ್ತದೆ. ಮಗ್ಗದಲ್ಲಿ ಹಾಸು ನೆಟ್ಟಗೆ ಬಿಗಿದಿರುತ್ತದೆ, ಹೊಕ್ಕು ಅದರ ಮೇಲೆ ಕೆಳಗೆ ಬಳುಕಿ ಸಾಗುತ್ತದೆ. ಹಾಗಾಗಿ ಸಿದ್ಧ ಬಟ್ಟೆಯನ್ನು ಎಳೆದಾಗ ಹೊಕ್ಕಿನ ದಿಕ್ಕಿನಲ್ಲಿ ಅದು ಹೆಚ್ಚು ಹಿಗ್ಗುತ್ತದೆ. ಮಾಡಿನ ಬಟ್ಟೆಯನ್ನು ದರ್ಜಿಯಂತೆ ಪಟ್ಟಿ ಪಟ್ಟಿಯಾಗಿ ಕತ್ತರಿಸುವಾಗ ಈ ಹಿಗ್ಗನ್ನು ಮೊದಲೇ ಪರೀಕ್ಷಿಸಿ, ನೂರಕ್ಕೆ ಒಂದೆರಡು ಪಾಲು ಚಿಕ್ಕದಾಗಿಯೇ ಕತ್ತರಿಸುತ್ತಾರೆ. ಎಳೆದು ಕಟ್ಟಿದಾಗ ಸರಿಯಾದ ಅಳತೆಗೆ ಬರಬೇಕು. ಈ ಲೆಕ್ಕ ತಪ್ಪಿದರೆ ಮಾಡಿನ ಮೇಲೆ ಸುಕ್ಕು ಮೂಡುತ್ತದೆ. ಹೊಸ ಬಟ್ಟೆ ಮಾಡಿನಲ್ಲಿ ಸುಕ್ಕು ಕಂಡರೆ, ಅದನ್ನು ಬರೀ ಅಂದದ ಕೊರತೆ ಎಂದು ಸುಮ್ಮನಾಗಬೇಡಿ: ಸುಕ್ಕಿರುವ ಕಡೆ ಎಳೆತವಿಲ್ಲ, ಎಳೆತವಿಲ್ಲದ ಕಡೆ ಗಾಳಿಗೆ ಬಟ್ಟೆ ಪಟಪಟಿಸಿ ಸವೆಯುತ್ತದೆ.

ಇನ್ನು ಗಾಳಿ. ಹಗುರವಾದದ್ದರ ಶತ್ರು ಯಾವತ್ತೂ ಗಾಳಿಯೇ. ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಲೆಕ್ಕ ಹಿಡಿಯಬೇಕಾದ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಈ ವೇಗವನ್ನು ಒತ್ತಡಕ್ಕೆ ಇಳಿಸಿದರೆ ಬೆಂಗಳೂರಿನಲ್ಲಿ ಚದರ ಮೀಟರಿಗೆ ಸುಮಾರು 65 ಕೆ.ಜಿ., ಮಂಗಳೂರಿನಲ್ಲಿ 90 ದಾಟುತ್ತದೆ. ಮಾಡಿನ ಆಕಾರ, ಸುತ್ತಲ ಮರ ಕಟ್ಟಡಗಳಿಗೆ ತಕ್ಕಂತೆ ಇದು ಏರುಪೇರಾಗುತ್ತದೆ, ಇರಲಿ. ನಮ್ಮ 600 ಚದರ ಮೀಟರಿನ ಮಾಡನ್ನು ಬೆಂಗಳೂರಿನ ಬಿರುಗಾಳಿ ಅಷ್ಟೇ ಬಲದಿಂದ ಮೇಲೆ ಜಗ್ಗಿತೆನ್ನಿ. ಮೇಲೆ ಎಳೆಯುವ ಬಲ 40 ಟನ್ನಿನ ಸುಮಾರು. ಕೆಳಗೆ ಹಿಡಿಯುವ ಬಟ್ಟೆಯ ತೂಕ ಅರ್ಧ ಟನ್ನಿಗಿಂತ ತುಸು ಹೆಚ್ಚು. ಮಿಕ್ಕದ್ದನ್ನು ಹಿಡಿಯಬೇಕಾದ್ದು ಚೌಕಟ್ಟು ಮತ್ತು ನೆಲದೊಳಗಿನ ಪಾಯ. ಮಾಮೂಲಿ ಮನೆಯ ಪಾಯ ಮೇಲಿನ ಭಾರವನ್ನು ನೆಲಕ್ಕೆ ಇಳಿಸುತ್ತದೆ. ಬಟ್ಟೆ ಕಟ್ಟಡದ ಪಾಯ ದನ ಕಟ್ಟುವ ಗೂಟ ಇದ್ದ ಹಾಗೆ, ಕಿತ್ತು ಬಾರದಂತೆ ಹಿಡಿದಿರುವುದೇ ಅದರ ಕೆಲಸ. ಕಾಂಕ್ರೀಟಿನ ತೂಕದಿಂದಲೇ 40 ಟನ್ ಹಿಡಿಯಬೇಕೆಂದರೆ ಹದಿನಾರು ಹದಿನೇಳು ಘನ ಮೀಟರ್ ಕಾಂಕ್ರೀಟ್ ಹೂಳಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವ ಗಾದೆಯನ್ನು ತಿರುವಿ ಹಾಕಿದಂತೆ, ಇಲ್ಲಿ ಕಣ್ಣಿಗೆ ಕಾಣುವ ಮಾಡಿಗಿಂತ ಕಾಣದ ಪಾಯವೇ ಭಾರ. ಅಗ್ಗದ ಕೊಟೇಶನ್ ಕೊಡುವವರು ಕತ್ತರಿ ಹಾಕುವುದೂ ಇಲ್ಲೇ, ಏಕೆಂದರೆ ಉದ್ಘಾಟನೆಯ ದಿನ ಪಾಯವನ್ನು ಯಾರೂ ನೋಡುವುದಿಲ್ಲ.

ಉಕ್ಕಿನ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ ಕಟ್ಟಡಗಳ ಬಗ್ಗೆ ಇನ್ನೊಂದು ಪಾಠ ಟೆಕ್ಸಸ್‌ನಿಂದ ಬಂದಿದೆ. 2009ರ ಮೇ 2ರಂದು ಇರ್ವಿಂಗ್‌ನಲ್ಲಿದ್ದ ಡಲ್ಲಾಸ್ ಕೌಬಾಯ್ಸ್ ಫುಟ್‌ಬಾಲ್ ತಂಡದ ಅಭ್ಯಾಸ ಮಂದಿರ ಗುಡುಗು ಮಳೆಯ ಗಾಳಿಗೆ ಕುಸಿಯಿತು. ಹನ್ನೆರಡು ಮಂದಿಗೆ ಗಾಯ, ಒಬ್ಬರ ಸೊಂಟದ ಕೆಳಗಿನ ಶಕ್ತಿಯೇ ಹೋಯಿತು. ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ ತನಿಖೆ ನಡೆಸಿದಾಗ ಗೊತ್ತಾದದ್ದು: ಆ ದಿನದ ಗಾಳಿ ಗಂಟೆಗೆ 55ರಿಂದ 65 ಮೈಲಿ, ನಿಯಮದ ಪ್ರಕಾರ ಕಟ್ಟಡ ತಡೆಯಬೇಕಿದ್ದದ್ದು 90 ಮೈಲಿ. ತಪ್ಪಿದ್ದೆಲ್ಲಿ? ವಿನ್ಯಾಸದ ಲೆಕ್ಕದಲ್ಲಿ, ಮೇಲೆ ಹೊದಿಸಿದ ಬಟ್ಟೆಯೇ ಉಕ್ಕಿನ ಚೌಕಟ್ಟನ್ನು ಅಕ್ಕಪಕ್ಕ ವಾಲದಂತೆ ಹಿಡಿದಿರುತ್ತದೆ ಎಂದು ನಂಬಿದ್ದರು. ಬಟ್ಟೆ ಹಾಗೆ ಹಿಡಿಯುವುದಿಲ್ಲ. ಅಂಗಿ ಎಷ್ಟೇ ಬಿಗಿಯಿರಲಿ, ಮುರಿದ ಪಕ್ಕೆಲುಬಿಗೆ ಅದು ಆಸರೆಯಾದೀತೆ? ಚೌಕಟ್ಟು ಬಟ್ಟೆಯ ಹಂಗಿಲ್ಲದೆ ತಾನೇ ನಿಲ್ಲಬೇಕು. ಶಾಲೆಯವರು ವಿನ್ಯಾಸಕಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು, ಮತ್ತು ಉತ್ತರ ಲೆಕ್ಕದ ಹಾಳೆಯ ರೂಪದಲ್ಲಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೊಂದಿಗೆ ಬರಬೇಕು.

ಗಾಳಿ ತುಂಬಿ ನಿಲ್ಲಿಸುವ ಗುಮ್ಮಟಗಳ ಬಗ್ಗೆ ಎರಡೇ ಮಾತು. ಒಳಗಿನ ಒತ್ತಡ ಹೊರಗಿಗಿಂತ ಶೇಕಡಾ 0.25ರಷ್ಟು ಹೆಚ್ಚಿದ್ದರೆ ಸಾಕು, ಬಟ್ಟೆ ಎದ್ದು ನಿಲ್ಲುತ್ತದೆ. ಕಿವಿಗೆ ಗೊತ್ತೂ ಆಗುವುದಿಲ್ಲ. ಚಳಿ ದೇಶಗಳಲ್ಲಿ ಶಾಲಾ ಮೈದಾನಗಳ ಮೇಲೆ ಚಳಿಗಾಲಕ್ಕೆ ಮಾತ್ರ ಇವನ್ನು ಊದಿ ನಿಲ್ಲಿಸುತ್ತಾರೆ. ಆದರೆ ಫ್ಯಾನು ಹಗಲಿರುಳು ತಿರುಗುತ್ತಿರಬೇಕು, ಗಾಳಿ ಸೋರದಂತೆ ಬಾಗಿಲು ಎರಡೆರಡಿರಬೇಕು. 2010ರ ಡಿಸೆಂಬರ್ 12ರ ಬೆಳಗಿನ ಜಾವ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೆಟ್ರೋಡೋಮ್ ಎಂಬ ಕ್ರೀಡಾಂಗಣದ ಇಂಥದೇ ಮಾಡು ಹಿಮದ ಭಾರಕ್ಕೆ ಹರಿದು ಕೆಳಗಿಳಿದ ದೃಶ್ಯವನ್ನು ಜಗತ್ತೆಲ್ಲ ನೋಡಿತು. ಒಳಗೆ ಆಟ ನಡೆಯುತ್ತಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ನಮ್ಮಲ್ಲಿ ಹಿಮವಿಲ್ಲ, ಕರೆಂಟೂ ಆಗಾಗ ಇರುವುದಿಲ್ಲ. ಮುಂದಕ್ಕೆ ಹೋಗೋಣ.

ಬೆಂಕಿ ಎಂದ ಕೂಡಲೇ

ಪೋಷಕರ ಸಭೆಯಲ್ಲಿ ಗಾಳಿಯ ಬಗ್ಗೆ ಯಾರೂ ಕೇಳುವುದಿಲ್ಲ, ಬೆಂಕಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೇಳಲೇಬೇಕು. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ಬಹುಮಾನ ವಿತರಣೆ ನಡೆಯುತ್ತಿದ್ದಾಗ ಸಿಂಥೆಟಿಕ್ ಬಟ್ಟೆಯ ಶಾಮಿಯಾನ ಹೊತ್ತಿಕೊಂಡು 400ಕ್ಕೂ ಹೆಚ್ಚು ಮಂದಿ ಬಲಿಯಾದರು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ತೀರಿಕೊಂಡದ್ದು ಸೋಗೆಯ ಮಾಡಿನ ಬೆಂಕಿಯಿಂದ. ‘ಹಗುರ ಮಾಡು’ ಎಂಬ ಮಾತು ನಮ್ಮ ದೇಶದ ತಂದೆ ತಾಯಿಗೆ ಎದೆ ಝಲ್ಲೆನಿಸುವುದು ಸುಮ್ಮನೆ ಅಲ್ಲ.

ಹಾಗಾದರೆ ಕಟ್ಟಡದ ಬಟ್ಟೆ ಬೇರೆ ಹೇಗೆ? ಶಾಮಿಯಾನದ ಅಗ್ಗದ ಪಾಲಿಯೆಸ್ಟರ್ ಬಿಸಿಗೆ ಕರಗಿ, ಉರಿಯುವ ಹನಿಗಳಾಗಿ ಕೆಳಗಿನವರ ಮೈಮೇಲೆ ಬೀಳುತ್ತದೆ. ಅಮೆರಿಕದ ಹಾರ್ಟ್‌ಫೋರ್ಡ್‌ನಲ್ಲಿ 1944ರಲ್ಲಿ 160ಕ್ಕೂ ಹೆಚ್ಚು ಜನರನ್ನು ಕೊಂದ ಸರ್ಕಸ್ ಡೇರೆಗೆ ನೀರು ಸೋರದಿರಲೆಂದು ಪೆಟ್ರೋಲಿನಲ್ಲಿ ಕರಗಿಸಿದ ಮೇಣ ಸವರಿದ್ದರು! ಅಲ್ಲಿಂದೀಚೆಗೆ ಗುಡಾರದ ಬಟ್ಟೆಯನ್ನು ಉರಿಸಿ ನೋಡುವ ಪರೀಕ್ಷೆಗಳು ಬಿಗಿಯಾದವು. ಇಂದು ಶಾಲೆಗಳಿಗೆ ಹೆಚ್ಚಾಗಿ ಬಳಸುವ, ಪಿವಿಸಿ ಎಂಬ ವಿನೈಲ್ ಪ್ಲಾಸ್ಟಿಕ್ ಲೇಪಿಸಿದ ಪಾಲಿಯೆಸ್ಟರ್ ಬಟ್ಟೆಯಲ್ಲಿ ಬೆಂಕಿ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಜ್ವಾಲೆ ತಾಕಿದಲ್ಲಿ ಅದು ಕರಗಿ ತೂತಾಗುತ್ತದೆ, ಜ್ವಾಲೆ ತೆಗೆದರೆ ತಾನೇ ಆರುತ್ತದೆ. ತೂತಾಗುವುದರಿಂದ ಹೊಗೆಗೆ ಹೊರದಾರಿಯೂ ಸಿಗುತ್ತದೆ. ಆದರೆ ಪಿವಿಸಿಯ ಹೊಗೆ ಗಂಟಲು ಸುಡುವಂಥದ್ದು, ಅದನ್ನು ಮುಚ್ಚಿಡಬಾರದು. ಲಾ ವರ್ನ್‌ನಲ್ಲಿ ಬಳಸಿದ ಟೆಫ್ಲಾನ್-ಗಾಜಿನ ಬಟ್ಟೆ ಇದಕ್ಕಿಂತ ಎಷ್ಟೋ ಸುರಕ್ಷಿತ, ಬೆಲೆಯೂ ಅಷ್ಟೇ ಹೆಚ್ಚು.

ಬಟ್ಟೆಯ ಪ್ರಮಾಣಪತ್ರವೊಂದೇ ಮಕ್ಕಳನ್ನು ಉಳಿಸುವುದಿಲ್ಲ ಎಂಬುದು ದಬ್ವಾಲಿಯ ಕಥೆಯಲ್ಲೇ ಇದೆ. ಅಲ್ಲಿ ಅಷ್ಟು ಜನ ಸತ್ತದ್ದು ಬಟ್ಟೆಯಿಂದ ಎಷ್ಟೋ, ಹೊರಹೋಗುವ ದಾರಿ ಸಾಲದೆಯೂ ಅಷ್ಟೇ. ಬಾಗಿಲುಗಳು ಎದುರುಬದುರು ಇರಬೇಕು, ಹೊರಕ್ಕೆ ತೆರೆಯಬೇಕು, ಬೀಗ ಇರಬಾರದು. ವೇದಿಕೆಯ ಪರದೆ, ಥರ್ಮೊಕೋಲ್ ಅಲಂಕಾರ, ಜೋತಾಡುವ ವೈರು ಇವೆಲ್ಲ ಮಾಡಿನ ಬಟ್ಟೆಗಿಂತ ಬೇಗ ಹೊತ್ತಿಕೊಳ್ಳುತ್ತವೆ. ‘ಇದು ತಾತ್ಕಾಲಿಕ’ ಎಂದು ಅನುಮತಿ ಪಡೆದು ಹತ್ತು ವರ್ಷ ಬಳಸುವುದಂತೂ ಹಳೆಯ ಚಾಳಿ. ಅಮೆರಿಕದಲ್ಲಿ ಚಾಲ್ತಿಯಲ್ಲಿರುವ ಮಾದರಿ ಕಟ್ಟಡ ಸಂಹಿತೆ ಇಲ್ಲಿ ಗೆರೆ ಎಳೆದಿದೆ: 180 ದಿನ ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಅದು ಡೇರೆಯಲ್ಲ, ಕಟ್ಟಡ, ಕಟ್ಟಡದ ನಿಯಮಗಳೆಲ್ಲ ಅನ್ವಯ.

ಪಾಠಕ್ಕಲ್ಲ, ಆಟಕ್ಕೆ

ಲಾ ವರ್ನ್ ಮತ್ತು ಮೇರಿಲ್ಯಾಂಡಿನ ಗುಳ್ಳೆಯ ವ್ಯತ್ಯಾಸಕ್ಕೆ ಈಗ ಬರಬಹುದು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ: ಬಟ್ಟೆಯೊಳಗೆ ಏನನ್ನು ಇಡುತ್ತೀರಿ ಎಂಬುದು ಬಟ್ಟೆ ಯಾವುದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಶಬ್ದವನ್ನೇ ತೆಗೆದುಕೊಳ್ಳಿ. ಶಬ್ದವನ್ನು ತಡೆಯುವುದು ತೂಕ. ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕೆ.ಜಿ. ದಾಟುತ್ತದೆ, ಹಾಗಾಗಿ ಬೀದಿಯ ಸದ್ದು ಆಚೆಯೇ ಉಳಿಯುತ್ತದೆ. ಒಂದು ಕೆ.ಜಿ.ಯ ಬಟ್ಟೆ ತಡೆಯುವುದು ಹತ್ತು ಡೆಸಿಬೆಲ್ ಆಸುಪಾಸು. ಹೊರಗೆ ವಾಹನಗಳ ಸದ್ದು 65 ಡೆಸಿಬೆಲ್ ಇದ್ದರೆ ಒಳಗೆ 55. ತರಗತಿಯ ಹಿನ್ನೆಲೆ ಸದ್ದು 35 ಡೆಸಿಬೆಲ್ ಮೀರಬಾರದು ಎನ್ನುತ್ತದೆ ಅಮೆರಿಕದ ಮಾನಕ. ಕೊನೆಯ ಬೆಂಚಿನ ಮಗುವಿಗೆ ‘ಅಲ್ಪಪ್ರಾಣ’ ಕೇಳಿಸಿತೋ ‘ಮಹಾಪ್ರಾಣ’ ಕೇಳಿಸಿತೋ ಎಂಬುದು ಈ ಇಪ್ಪತ್ತು ಡೆಸಿಬೆಲ್ಲಿನಲ್ಲಿದೆ. ಮಳೆ ಬಂದರಂತೂ ಮುಗಿಯಿತು. ಬಿಗಿದ ಚರ್ಮ ತಮಟೆಯಾಗುವಂತೆ ಬಿಗಿದ ಬಟ್ಟೆಯೂ ತಮಟೆಯೇ. ಆಗುಂಬೆಯಂಥ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಠವೆಲ್ಲ ಕೈಸನ್ನೆಯಲ್ಲೇ ನಡೆಯಬೇಕಾದೀತು. (ತಗಡಿನ ಮಾಡಿನ ಕೆಳಗೆ ಈಗ ನಡೆಯುತ್ತಿರುವುದೂ ಅದೇ ಎನ್ನುವ ಮಲೆನಾಡಿನ ಮೇಷ್ಟ್ರುಗಳಿಗೆ ನನ್ನಲ್ಲಿ ಉತ್ತರವಿಲ್ಲ.)

ಆಟಕ್ಕೆ ಈ ತಕರಾರು ಬಹುತೇಕ ಇಲ್ಲ. ಖೋಖೋ ಆಡುವವರಿಗೆ ಮಳೆಯ ಸದ್ದು ಹುರುಪೇ ಹೊರತು ಅಡ್ಡಿಯಲ್ಲ.

ಬೆಳಕಿನಲ್ಲಿ ಬಟ್ಟೆ ಗೆಲ್ಲುತ್ತದೆ. ನಡುಹಗಲಿನ ಬಿಸಿಲು ನೆಲಕ್ಕೆ ಕೊಡುವ ಬೆಳಕು ಒಂದು ಲಕ್ಷ ಲಕ್ಸ್‌ನಷ್ಟು. ಓದಲು ಮೇಜಿನ ಮೇಲೆ ಬೇಕಾದದ್ದು 300. ಬಿಳಿ ಬಟ್ಟೆ ನೂರಕ್ಕೆ ಐದೇ ಪಾಲು ಒಳಬಿಟ್ಟರೂ 5,000 ಲಕ್ಸ್ ಆಯಿತು. ಹಗಲಿಡೀ ಒಂದು ಬಲ್ಬೂ ಬೇಡ. ಆ ಬೆಳಕಿಗೆ ನೆರಳಿನ ಗೆರೆಗಳಿರುವುದಿಲ್ಲ, ಹಾಲು ಚೆಲ್ಲಿದಂತೆ ಎಲ್ಲ ಕಡೆ ಒಂದೇ ಸಮ. ಷಟಲ್ ಕಾಕ್ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಆದರೆ ಪ್ರೊಜೆಕ್ಟರ್ ಹಾಕಿ ಪಾಠ ಮಾಡುವವರಿಗೆ ಇದೇ ತಲೆನೋವು.

ಬಿಸಿಯ ಕಥೆ ಊರಿನಿಂದ ಊರಿಗೆ ಬೇರೆ. ಒಂದೇ ಪದರದ ಬಟ್ಟೆ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಆದರೆ ಒಳಗಿನ ತಂಪನ್ನೋ ಬೆಚ್ಚನೆಯನ್ನೋ ಹಿಡಿದಿಡಲು ಅದಕ್ಕೆ ಬರುವುದಿಲ್ಲ. ಸುತ್ತ ಗೋಡೆ ಮುಚ್ಚಿ ಎ.ಸಿ. ಹಾಕಿದರೆ ಕರೆಂಟು ಬಿಲ್ಲು ಉಳಿತಾಯವನ್ನೆಲ್ಲ ನುಂಗುತ್ತದೆ. ಕೆನಡಾ, ಅಮೆರಿಕದ ಶಾಲೆಗಳು ಎರಡು ಪದರದ ನಡುವೆ ಉಣ್ಣೆಯಂಥ ಗಾಜಿನ ನಾರು ತುಂಬುತ್ತವೆ. ಬೆಚ್ಚಗಾಗುತ್ತದೆ, ಆದರೆ ಬೆಳಕಿನ ಲಾಭ ಹೋಗುತ್ತದೆ, ಖರ್ಚು ಏರುತ್ತದೆ. ನಮ್ಮ ಹವೆಗೆ ಒಪ್ಪುವುದು ಗೋಡೆಯೇ ಇಲ್ಲದ, ಎತ್ತರದ, ನಾಲ್ಕೂ ಕಡೆ ತೆರೆದ ಮಾಡು. ಮೇಲೆ ಸೇರಿದ ಬಿಸಿಗಾಳಿ ಹೊರಬೀಳಲು ತುದಿಯಲ್ಲಿ ಕಿಂಡಿ ಇದ್ದರೆ ಕಲಬುರಗಿಯ ಮಾರ್ಚಿನಲ್ಲೂ ಬೆಳಗಿನ ಆಟಕ್ಕೆ ಅಡ್ಡಿಯಿಲ್ಲ. ಮಧ್ಯಾಹ್ನದ ಮಾತು ಬೇರೆ. ಅಲ್ಲಿ ಮಧ್ಯಾಹ್ನ ಆಡುವವರಾದರೂ ಯಾರು?

ಹಾಗಾದರೆ ತರಗತಿ ಕೊಠಡಿಯ ಕೊರತೆಗೆ ಬಟ್ಟೆಯಿಂದ ಉಪಯೋಗವೇ ಇಲ್ಲವೆ? ಇದೆ, ಬಳಸುದಾರಿಯಲ್ಲಿ. ಎಷ್ಟೋ ಶಾಲೆಗಳಲ್ಲಿ ಒಂದು ಗಟ್ಟಿ ಕೋಣೆ ಸಭಾಂಗಣವಾಗಿ, ಇನ್ನೊಂದು ಊಟದ ಮನೆಯಾಗಿ, ಮತ್ತೊಂದು ಕ್ರೀಡಾ ಸಾಮಗ್ರಿಯ ಗೂಡಾಗಿ ಸಿಕ್ಕಿಹಾಕಿಕೊಂಡಿರುತ್ತದೆ. ಪ್ರಾರ್ಥನೆ, ಊಟ, ಆಟ, ಯೋಗ, ಪ್ರತಿಭಾ ಕಾರಂಜಿ ಎಲ್ಲವೂ ಅಂಗಳದ ಬಟ್ಟೆ ಮಾಡಿಗೆ ಹೋದರೆ ಆ ಗಟ್ಟಿ ಕೋಣೆಗಳು ಪಾಠಕ್ಕೆ ಬಿಡುವಾಗುತ್ತವೆ. ಬಟ್ಟೆಯ ಕೆಳಗೆ ಪಾಠ ಮಾಡಬೇಡಿ, ಪಾಠದ ಕೋಣೆಯಲ್ಲಿ ನಡೆಯುವ ಬೇರೆಲ್ಲವನ್ನೂ ಬಟ್ಟೆಯ ಕೆಳಗೆ ಕಳಿಸಿ.

ವಿಪತ್ತಿನ ಹೊತ್ತು ಇದಕ್ಕೆ ಹೊರತು. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಭೂಕಂಪವಾದ ಮೇಲೆ ಕಛ್‌ನ ಮಕ್ಕಳು ಡೇರೆಗಳಲ್ಲಿ ಓದಿದರು. ಯುನಿಸೆಫ್ ಇಂಥದ್ದಕ್ಕೆಂದೇ 72 ಚದರ ಮೀಟರಿನ ಡೇರೆಗಳನ್ನು ಕಳಿಸುತ್ತದೆ. ಅಲ್ಲಿ ಡೆಸಿಬೆಲ್ ಎಣಿಸುವುದಿಲ್ಲ. ಕರ್ನಾಟಕದಲ್ಲಿ ‘ಟೆಂಟ್ ಶಾಲೆ’ ಎಂಬ ಹೆಸರು ಕೇಳಿದವರಿಗೆ ಒಂದು ಮಾತು: ಅದು ವಲಸೆ ಕೂಲಿಕಾರರ ಮಕ್ಕಳಿಗೆ ಅವರಿರುವ ಕಡೆಯೇ ನಡೆಸುವ ಶಾಲೆ. ಕಟ್ಟಡದ ಬಗೆಗೂ ಅದಕ್ಕೂ ಸಂಬಂಧವಿಲ್ಲ.

ಹದಿನೈದು ವರ್ಷದ ಮೇಲಿನ ಲೆಕ್ಕ

ಪಿವಿಸಿ ಲೇಪದ ಒಳ್ಳೆಯ ಬಟ್ಟೆ ಹತ್ತರಿಂದ ಇಪ್ಪತ್ತು ವರ್ಷ ಬಾಳುತ್ತದೆ. ಟೆಫ್ಲಾನ್-ಗಾಜು ಇಪ್ಪತ್ತೈದು ಮೂವತ್ತು ದಾಟುತ್ತದೆ. ತಾರಸಿಯ ಮುಂದೆ ಇದು ಸಣ್ಣ ಆಯುಸ್ಸೇ. ಆದರೆ ಸಾಯುವುದು ಬಟ್ಟೆ ಮಾತ್ರ. ಪಾಯ, ಕಂಬ, ಚೌಕಟ್ಟು ಉಳಿಯುತ್ತವೆ. ಹದಿನೈದು ವರ್ಷಕ್ಕೆ ಬಟ್ಟೆ ಬದಲಿಸಬೇಕು ಎಂದುಕೊಂಡರೆ, ಬಟ್ಟೆಯ ಬೆಲೆಯ ಹದಿನೈದರಲ್ಲೊಂದು ಪಾಲನ್ನು, ಬೆಲೆಯೇರಿಕೆ ಸೇರಿಸಿ, ಪ್ರತಿ ವರ್ಷ ಬೇರೆ ಖಾತೆಯಲ್ಲಿ ಇಡಬೇಕು. ಇದನ್ನು ಇಡದ ಶಾಲೆಯಲ್ಲಿ ಹದಿನಾರನೆಯ ವರ್ಷ ಹರಿದ ಬಟ್ಟೆಗೆ ಫ್ಲೆಕ್ಸ್ ಬ್ಯಾನರಿನ ತೇಪೆ ಬೀಳುತ್ತದೆ.

ಗುತ್ತಿಗೆ ಜಾಗದಲ್ಲಿರುವ ಶಾಲೆಗೆ ಇನ್ನೊಂದು ಅನುಕೂಲ. ಬಿಟ್ಟು ಹೋಗುವಾಗ ಕಾಂಕ್ರೀಟು ಜಾಗದ ಯಜಮಾನನ ಪಾಲು. ಬೋಲ್ಟು ಹಾಕಿದ ಉಕ್ಕು ಮತ್ತು ಬಟ್ಟೆ ಲಾರಿ ಹತ್ತಿ ಜೊತೆಗೆ ಬರುತ್ತವೆ. ಪಾಯ ಮಾತ್ರ ಅಲ್ಲೇ ಉಳಿಯುತ್ತದೆ. ಇದರಲ್ಲೊಂದು ಎಚ್ಚರವೂ ಬೇಕು. 1996ರಲ್ಲಿ ಕ್ಯಾಲಿಫೋರ್ನಿಯಾ ಕೆಳ ತರಗತಿಗಳಲ್ಲಿ ಇಪ್ಪತ್ತೇ ಮಕ್ಕಳಿರಬೇಕೆಂದು ಗುರಿ ಹಾಕಿಕೊಂಡು ಹಣ ಕೊಟ್ಟಾಗ, ಎಷ್ಟೋ ಶಾಲೆಗಳು ಎತ್ತಿಡಬಹುದಾದ ಡಬ್ಬಿ ಕೊಠಡಿಗಳನ್ನು ತಂದು ಅಂಗಳದಲ್ಲಿ ಇಟ್ಟವು. ಎತ್ತಿಡಬಹುದಾದದ್ದನ್ನು ಎತ್ತಿದವರು ಕಡಿಮೆ. ಮಕ್ಕಳ ಆಟದ ಅಂಗಳ ಹೋದದ್ದು ಹೋಯಿತು.

ಬಟ್ಟೆಯ ಮಾಡಿನ ನಿತ್ಯದ ಆರೈಕೆ ಹೆಚ್ಚಿಲ್ಲ. ವರ್ಷಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆಯುವುದು, ಹತ್ತಿರದ ಮರದ ಕೊಂಬೆ ತಾಕದಂತೆ ಸವರುವುದು, ಕೋತಿಗಳ ಕಾಟವಿರುವ ಊರಾದರೆ ಮೊದಲೇ ಬೇರೆ ಯೋಚನೆ ಮಾಡುವುದು. ಮುಖ್ಯವಾದದ್ದು ಎಳೆತ. ತಮಟೆ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ. ಬಟ್ಟೆಯೂ ಮೊದಲ ಒಂದೆರಡು ವರ್ಷ ಹಿಗ್ಗಿ ಸಡಿಲಾಗುತ್ತದೆ, ಮೂಲೆಗಳಲ್ಲಿರುವ ಟರ್ನ್‌ಬಕಲ್ ಎಂಬ ಬಿಗಿಯುವ ತಿರುಪುಗಳನ್ನು ತಿರುವಿ ಮತ್ತೆ ಬಿಗಿಯಬೇಕು. ಆಮೇಲೂ ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ನೋಡಬೇಕು. ಕರಾರು ಬರೆಯುವಾಗ ಮೊದಲ ಎರಡು ವರ್ಷದ ಈ ಬಿಗಿತವನ್ನು ಗುತ್ತಿಗೆದಾರನ ತಲೆಗೇ ಕಟ್ಟಿ. ಮೂರನೆಯ ವರ್ಷ ಅವನು ಫೋನ್ ಎತ್ತದೇ ಹೋಗಬಹುದು, ಹಾಗಾಗಿ ಅವನು ಬಂದಾಗಲೇ ಪಿ.ಟಿ. ಮೇಷ್ಟ್ರನ್ನು ಪಕ್ಕದಲ್ಲಿ ನಿಲ್ಲಿಸಿ ತಿರುವುವ ಬಗೆ ಕಲಿಸಿಬಿಡಿ. ಸ್ಪ್ಯಾನರ್ ಶಾಲೆಯ ಬೀರುವಿನಲ್ಲಿರಲಿ; ಬೀರುವಿನ ಬೀಗದ ಕೈ ಮೇ ತಿಂಗಳಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಬೇಡ.